ಕನ್ನಡನಾಡಿನ ಬೇರೆ ಶಾಲೆಗಳು

ಶಾಲೆಯೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಅಡಿಗಲ್ಲನ್ನಿಟ್ಟವರಾರು, ದ್ರವ್ಯವನ್ನಿತ್ತ ಮಹನೀಯರಾರು, ಅಲ್ಲಿ ಓದಿ ಕೀರ್ತಿವಂತರಾದವರು ಯಾರು ಯಾರು ಎಂಬುದನ್ನು ವಿವರಿಸುವರು. ಶಾಲೆಯೊಳಗೆ ಬಂದವರ ಕಥೆಯೇ ಶಾಲೆಯ ಕಥೆಯೆಂದು ಇದರಿಂದ ತೋರುವದು. ಆದರೆ ಒಳಗೆ ಬರಗೊಡದೆ ಹೊಸ್ತಿಲಿನಾಚೆಗೆ ನಿಲ್ಲಿಸಲ್ಪಟ್ಟವರಿಗೂ ಒಂದು ಚರಿತ್ರೆಯುಂಟು. ಅಂಥವರ ಸಲುವಾಗಿ ಕನ್ನಡನಾಡಿನಲ್ಲಿ ಬೇರೆ ಶಾಲೆಗಳು ಹುಟ್ಟಿದವು. ಕೆಲವು ಕಾಲ ಬಾಳಿದವು. ತಮ್ಮ ಕೆಲಸವನ್ನು ಮಾಡಿ ಹಲವು ಸಾಮಾನ್ಯ ಶಾಲೆಗಳಲ್ಲಿ ಲೀನವಾದವು. ಅವುಗಳ ಹುಟ್ಟು ಸಮಾಜದ ದೋಷವನ್ನು ತೋರಿಸುತ್ತದೆ. ಅವುಗಳ ಬಾಳು ಆ ದೋಷದ ನಡುವೆಯೇ ಮನುಷ್ಯರು ತೋರಿದ ಸತ್ತ್ವವನ್ನು ತೋರಿಸುತ್ತದೆ. ಈ ಎರಡನ್ನೂ ಕೂಡಿಯೇ ನೋಡದಿದ್ದರೆ ಆ ಶಾಲೆಗಳ ಬೆಲೆಯು ತಿಳಿಯದು.

ಗುರುವಿನ ಬಾಗಿಲಲ್ಲಿ ಶಿಷ್ಯನ ಕುಲವನ್ನು ಕೇಳುವ ಪದ್ಧತಿಯು ಈ ದೇಶದಲ್ಲಿ ಬಹು ಪುರಾತನವಾದುದು. ಛಾಂದೋಗ್ಯೋಪನಿಷತ್ತಿನ ಸತ್ಯಕಾಮ ಜಾಬಾಲನು ಹಾರಿದ್ರುಮತ ಗೌತಮನ ಬಳಿಗೆ ಹೋದಾಗ ಮೊದಲು ಎದುರಾದುದು ಗೋತ್ರದ ಪ್ರಶ್ನೆಯೇ. ತಾಯಿಗೂ ತಿಳಿಯದ ಗೋತ್ರವನ್ನು ಹುಡುಗನು ಕಲ್ಪಿಸಿ ಹೇಳಲಿಲ್ಲ. ಆಕೆಯು ಹೇಳಿಕೊಟ್ಟ ನಿಜವನ್ನೇ ನುಡಿದನು. ಆ ನಿಜವನ್ನೇ ಯೋಗ್ಯತೆಯೆಂದೆಣಿಸಿ ಗುರುವು ಸಮಿಧೆಯನ್ನು ತರಹೇಳಿದನು. ಮಹಾಭಾರತದ ಏಕಲವ್ಯನಿಗೆ ಆ ಭಾಗ್ಯವಿರಲಿಲ್ಲ. ಆತನು ಕಾಡಿನಲ್ಲಿ ತನಗೆ ತಾನೇ ಬೇರೊಂದು ಶಾಲೆಯನ್ನು ಮಾಡಿಕೊಂಡನು. ಅದಕ್ಕೆ ಬೆರಳನ್ನು ತೆತ್ತನು. ಹನ್ನೆರಡನೆಯ ಶತಮಾನದಲ್ಲಿ ಶಿವಶರಣರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರಂಥವರನ್ನು ಹಿರಿಯರೆಂದು ಗೌರವಿಸಿ ಈ ಕಟ್ಟನ್ನು ಬಿಚ್ಚಲು ಯತ್ನಿಸಿದರು. ಕೂಡಲಸಂಗಮದ ಸುತ್ತಣ ಸೀಮೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಶರಣರ ಕಾಲವು ಕಳೆದು ಏಳು ಶತಮಾನಗಳಾದ ಮೇಲೆ, ಇಂಗ್ಲಿಷರ ಆಳಿಕೆಯಲ್ಲಿ ಹೊಸ ಮಾದರಿಯ ಶಾಲೆಗಳು ತೆರೆದಾಗ, ಗೋತ್ರದ ಪ್ರಶ್ನೆಯು ಪುನಃ ಬಾಗಿಲಿಗೆ ಬಂದು ನಿಂತಿತು.

ಅದು ನಿಂತುದು ಧಾರವಾಡದಲ್ಲಿ. ೧೮೫೬ನೆಯ ಇಸವಿಯ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಹುಡುಗನೊಬ್ಬನು ತನ್ನನ್ನು ಧಾರವಾಡದ ಸರ್ಕಾರಿ ಶಾಲೆಯಲ್ಲಿ ಸೇರಿಸಿಕೊಳ್ಳಬೇಕೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಮಾಡಿಕೊಂಡನು. ಶಾಲೆಯವರು ಆತನನ್ನು ಸೇರಿಸಿಕೊಂಡಿರಲಿಲ್ಲ. ಆತನು ಬೇಡಿದುದು ವಿದ್ಯಾರ್ಥಿವೇತನವನ್ನಲ್ಲ, ಊಟವನ್ನಲ್ಲ, ಉಳಿದ ಹುಡುಗರು ಕುಳಿತ ಕೋಣೆಯಲ್ಲಿ ಕುಳಿತು ಪಾಠ ಕೇಳುವ ಅಧಿಕಾರವನ್ನಷ್ಟೆ. ಇದಕ್ಕೆ ಎರಡೇ ವರ್ಷಗಳ ಹಿಂದೆ, ೧೮೫೪ರಲ್ಲಿ, ಸರ್ ಚಾರ್ಲ್ಸ್ ವುಡ್ಡನ ಪ್ರಸಿದ್ಧ ವಿದ್ಯಾಪತ್ರವು ಹೊರಟು, ಜನಸಾಮಾನ್ಯರಿಗೆಲ್ಲ ವಿದ್ಯೆಯನ್ನು ಮುಟ್ಟಿಸುವದು ಸರ್ಕಾರದ ಕರ್ತವ್ಯವೆಂದು ಸಾರಿತ್ತು. ಧಾರವಾಡದ ಹುಡುಗನು ಆ ಮಾತನ್ನು ಅಕ್ಷರಶಃ ನಂಬಿದನೆನ್ನಬೇಕು.

ಮುಂಬಯಿ ಸರ್ಕಾರದವರು ಆತನ ಅರ್ಜಿಯನ್ನು ತಿರಸ್ಕರಿಸಿದರು. ತತ್ತ್ವದ ದೃಷ್ಟಿಯಿಂದ ನ್ಯಾಯವು ಹುಡುಗನ ಕಡೆಗಿರುವದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಒಬ್ಬನನ್ನು ಒಳಗೆ ಬಿಟ್ಟರೆ ಉಳಿದವರೆಲ್ಲ ಹೊರಗೆ ಹೋಗುವರು, ಶಾಲೆಯೇ ನಿಷ್ಪ್ರಯೋಜಕವಾಗುವದು ಎಂದು ಅವರು ಅಂಜಿದರು. ನ್ಯಾಯವನ್ನು ಒಪ್ಪಿಕೊಂಡು ಅನ್ಯಾಯವನ್ನು ನಡೆಸುವ ಈ ರೀತಿಯು ಆಮೇಲೆ ಬಹುಕಾಲ ಬಾಳಿತು. ವಿಷಯವು ಹಿಂದುಸ್ಥಾನ ಸರ್ಕಾರದವರೆಗೂ, ಅಲ್ಲಿಂದ ವಿಲಾಯತಿಯಲ್ಲಿದ್ದ ಕಂಪನಿಯ ಡೈರೆಕ್ಟರರವರೆಗೂ ಹೋಯಿತು. ಇಂಥ ಹುಡುಗನನ್ನು ಬಂಗಾಲದ ಸರ್ಕಾರಿ ಶಾಲೆಯಲ್ಲಿ ಬೇಡವೆನ್ನುತ್ತಿರಲಿಲ್ಲವೆಂದು ಕಲಕತ್ತೆಯವರು ಅಭಿಪ್ರಾಯಪಟ್ಟರು. ಸರ್ಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂದು ೧೮೫೮ರಲ್ಲಿ ಡೈರೆಕ್ಟರರು ನಿರ್ಣಯಿಸಿದರು. ಹೀಗೆ ಧಾರವಾಡದ ಒಬ್ಬ ಬಾಲಕನ ಅರ್ಜಿಯಿಂದ ಇಡೀ ದೇಶಕ್ಕೆ ಅನ್ವಯಿಸುವ ಒಂದು ನಿಯಮವು ಸ್ಥಿರಪಟ್ಟಿತು. ಕನ್ನಡನಾಡಿನ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಆ ಅರ್ಜಿಯ ಸ್ಥಾನವು ಅನೇಕ ಕಾಲೇಜುಗಳ ಸ್ಥಾಪನೆಗಿಂತ ಕಿರಿದಾದುದಲ್ಲ.

ನಿಯಮವು ಬಾಗಿಲನ್ನು ತೆರೆಯಿತಾದರೂ ಒಳಗಿನ ಚಾಪೆಯನ್ನು ಹಾಸಲಿಲ್ಲ. ಕೆಳಜಾತಿಯ ಮಗುವು ಬಂದೊಡನೆ ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗುವದು, ಗುಡಿಯ ಪೌಳಿಯಲ್ಲಿ ಶಾಲೆ ನಡೆಯುತ್ತಿದ್ದರೆ ಅಂಥ ಮಗುವನ್ನು ಅತ್ತ ಸುಳಿಯಗೊಡದಿರುವದು, ಒಳಗೆ ಬಿಟ್ಟರೂ ಮೂಲೆಯಲ್ಲಿ ಬೇರೆಯಾಗಿ ಕೂಡ್ರಿಸುವದು, ಅದರ ಪಾಟಿಯನ್ನು ಮಾಸ್ತರರು ಮುಟ್ಟದಿರುವದು, ಇವೆಲ್ಲ ಊರೂರಲ್ಲಿ ನಡೆದೇ ನಡೆದವು. ೧೮೯೧ರಲ್ಲಿ ಜನಿಸಿದ ಭೀಮರಾವ್ ಅಂಬೇಡಕರರು ಸಾತಾರೆಯ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಪ್ರತ್ಯೇಕವಾಗಿ ಕುಳಿತುದನ್ನೂ, ಸಿಪಾಯಿಯು ನೀರು ಹಾಕಿದಲ್ಲದೆ ತಮ್ಮ ಬಾಯಾರಿಕೆಯು ತೀರದಿದ್ದುದನ್ನೂ ಸ್ವತಃ ಬರೆದಿಟ್ಟಿದ್ದಾರೆ. ಡೈರೆಕ್ಟರರ ನಿಯಮವು ಹುಟ್ಟಿ ನಾಲ್ವತ್ತು ವರ್ಷಗಳಾದ ಮೇಲಿನ ಸ್ಥಿತಿಯಿದು. ಇಂಥ ಶಾಲೆಯಲ್ಲಿ ಮಗುವು ಅಕ್ಷರಕ್ಕಿಂತ ಮೊದಲು ತನ್ನ ಕೀಳ್ತನವನ್ನು ಕಲಿಯುತ್ತಿತ್ತು. ಬೇರೆ ಶಾಲೆಗಳು ಹುಟ್ಟಿದುದು ಈ ಕಾರಣದಿಂದ. ೧೮೮೨ರ ಹಂಟರ್ ಆಯೋಗದವರು ಕೂಡ ಸರ್ಕಾರಿ ಶಾಲೆಗಳು ಎಲ್ಲರವೆಂಬ ತತ್ತ್ವವನ್ನು ಎತ್ತಿಹಿಡಿಯುತ್ತಲೇ, ಅವಶ್ಯವಿದ್ದಲ್ಲಿ ಇಂಥ ಮಕ್ಕಳಿಗಾಗಿ ವಿಶೇಷ ಶಾಲೆಗಳನ್ನು ತೆರೆಯುವದನ್ನು ಒಪ್ಪಿದರು.

ಈ ಮಾರ್ಗದಲ್ಲಿ ಮೊದಲು ನಡೆದವರು ಪುಣೆಯ ಜೋತಿರಾವ್ ಫುಲೆಯವರು ಮತ್ತು ಅವರ ಪತ್ನಿ ಸಾವಿತ್ರಿಬಾಯಿಯವರು. ೧೮೪೮ರಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದ ಈ ದಂಪತಿಗಳು ಕೆಲವೇ ವರ್ಷಗಳಲ್ಲಿ ಮಹಾರ ಮತ್ತು ಮಾಂಗ ಜನರ ಮಕ್ಕಳಿಗೂ ಶಾಲೆಗಳನ್ನು ನಡೆಸಿದರು. ೧೮೭೩ರಲ್ಲಿ ಫುಲೆಯವರು ‘ಗುಲಾಮಗಿರಿ’ ಎಂಬ ಗ್ರಂಥವನ್ನು ಪ್ರಕಟಿಸಿ, ಕಪ್ಪು ಜನರನ್ನು ದಾಸ್ಯದಿಂದ ಬಿಡಿಸಿದ ಅಮೇರಿಕೆಯ ಸಜ್ಜನರಿಗೆ ಅದನ್ನು ಅರ್ಪಿಸಿದರು. ಎರಡು ದೂರದೇಶಗಳ ನೊಂದವರ ಸ್ಥಿತಿಯನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಮೊದಲಿಗರಲ್ಲಿ ಫುಲೆಯವರೊಬ್ಬರು. ಆ ತಕ್ಕಡಿಯ ಇನ್ನೊಂದು ತಟ್ಟೆಯ ವಿಚಾರವು ಮುಂದೆ ಬರುವದು. ಮೊದಲು ಕನ್ನಡ ಕರಾವಳಿಯ ಕಡೆಗೆ ನೋಡತಕ್ಕದ್ದು. ಏಕೆಂದರೆ ಕನ್ನಡನಾಡಿನಲ್ಲಿ ಈ ಕಾರ್ಯವು ಅತ್ಯಂತ ದೃಢವಾಗಿ ಬೇರೂರಿದ ಸ್ಥಳಗಳಲ್ಲಿ ಮಂಗಳೂರು ಅಗ್ರಗಣ್ಯವಾದುದು.

ಕುದ್ಮುಲ್ ರಂಗರಾಯರು ೧೮೫೯ನೆಯ ಜೂನ್ ೨೯ರಂದು ಕಾಸರಗೋಡು ಸೀಮೆಯಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಮಂಗಳೂರಿಗೆ ಬಂದು, ಅಲ್ಪ ವೇತನದ ಶಿಕ್ಷಕರಾಗಿ ದುಡಿದು, ಆಮೇಲೆ ವಕೀಲಿಯ ಪರೀಕ್ಷೆಯನ್ನು ಮುಗಿಸಿ ನ್ಯಾಯಾಲಯವನ್ನು ಹೊಕ್ಕರು. ಮಂಗಳೂರಿನಲ್ಲಿ ೧೮೩೪ರಿಂದ ಬಾಸೆಲ್ ಮಿಶನ್ನಿನವರು ಶಾಲೆ, ಛಾಪಖಾನೆ, ಕೈಗಾರಿಕೆಗಳಿಂದ ಬೇರೂರಿದ್ದರು. ೧೮೭೦ರಲ್ಲಿ ಬ್ರಹ್ಮಸಮಾಜವು ಅಲ್ಲಿ ತಲೆಯೆತ್ತಿತ್ತು. ಈ ವಾತಾವರಣದಲ್ಲಿ ಬೆಳೆದ ರಂಗರಾಯರು ಬ್ರಹ್ಮಸಮಾಜದ ಅನುಯಾಯಿಗಳಾದರು. ಅಸ್ಪೃಶ್ಯರೆನಿಸಿಕೊಂಡವರಿಗೆ ಕರುಣೆಯ ಮಾತುಗಳಿಂದ ಪ್ರಯೋಜನವಿಲ್ಲ, ಅಕ್ಷರ, ಅನ್ನ, ನೆಲ ಈ ಮೂರೂ ಬೇಕು ಎಂಬುದು ಅವರ ನಿಶ್ಚಯವಾಯಿತು.

೧೮೯೨ರಲ್ಲಿ ಉರ್ವ ಚಿಲಿಂಬಿಯಲ್ಲಿ ಬಾಡಿಗೆಯ ಮನೆಯೊಂದರಲ್ಲಿ ಅವರು ಮೊದಲ ಶಾಲೆಯನ್ನು ತೆರೆದರು. ಅದನ್ನು ನೆಮ್ಮದಿಯಿಂದ ನಡೆಯಗೊಡಲಿಲ್ಲ. ಮೇಲ್ಜಾತಿಯವರ ವಿರೋಧದಿಂದ ಶಾಲೆಯು ಸ್ಥಳದಿಂದ ಸ್ಥಳಕ್ಕೆ ಹೋಗಬೇಕಾಯಿತು. ಕಲಿಸಲು ಮೇಲ್ಜಾತಿಯ ಶಿಕ್ಷಕರು ಮುಂದೆ ಬಾರದೆ ಹೋದುದರಿಂದ ಕ್ರೈಸ್ತ ಶಿಕ್ಷಕರನ್ನು ನೇಮಿಸಿದರು. ಸ್ವಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಜಾತಿಯ ಬಹಿಷ್ಕಾರವೆಂದರೆ ಏನೆಂಬುದನ್ನು ಹಿಂದಿನ ಕಾಲದ ಗೃಹಸ್ಥರು ಬಲ್ಲರು: ಮದುವೆ ಮುಂಜಿಗಳಿಗೆ ಕರೆಯಿಲ್ಲ, ಪುರೋಹಿತನಿಲ್ಲ, ಸಾವಿನಲ್ಲಿ ಹೆಗಲು ಕೊಡುವವರಿಲ್ಲ. ಶಾಲೆಯಿಂದ ಹೊರಗಿಡಲ್ಪಟ್ಟ ಮಕ್ಕಳಿಗಾಗಿ ದುಡಿದವರು ತಾವೂ ಹೊರಗಿನವರಾದರು. ಅವರ ಪತ್ನಿ ರುಕ್ಮಿಣಿಯಮ್ಮನವರು ಈ ಕಷ್ಟದಲ್ಲಿ ಪಾಲುಗೊಂಡರು.

ಶಾಲೆಯನ್ನು ತೆರೆದರೆ ಮಕ್ಕಳು ತಾವಾಗಿ ಬರುವರೆಂಬುದು ಹೊಟ್ಟೆ ತುಂಬಿದವರ ಎಣಿಕೆ. ಕೂಲಿಯ ಮನೆಯಲ್ಲಿ ಏಳೆಂಟು ವರ್ಷದ ಮಗುವೂ ದುಡಿಯುವ ಕೈಯೇ. ದನ ಕಾಯುವ, ಸೌದೆ ಆಯುವ ಆ ಕೈಯನ್ನು ಶಾಲೆಗೆ ಕಳುಹಿಸಿದರೆ ಸಂಜೆಯ ಗಂಜಿಗೆ ಕೊರತೆ ಬೀಳುವದು. ರಂಗರಾಯರು ಇದನ್ನರಿತು ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆಗಳನ್ನು ಕೊಟ್ಟರು. ಮಧ್ಯಾಹ್ನದ ಊಟವನ್ನು ಹಾಕಿಸಿದರು. ಶಾಲೆಯಲ್ಲಿ ಮಧ್ಯಾಹ್ನದ ಊಟವು ಇಂದು ಸರ್ಕಾರದ ಯೋಜನೆಯಾಗಿ ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂಡ್ರಿಸಿದೆ. ನೂರು ವರ್ಷಗಳಿಗೂ ಮುಂಚೆ ಮಂಗಳೂರಿನ ಬೇರೆ ಶಾಲೆಯೊಂದರಲ್ಲಿ ಅದೇ ಉಪಾಯವು ಒಬ್ಬ ವಕೀಲರ ದುಡಿಮೆಯಿಂದಲೂ ಅವರು ಕೂಡಿಸಿದ ದಾನದಿಂದಲೂ ನಡೆದಿತ್ತೆಂಬುದನ್ನು ಸ್ಮರಿಸತಕ್ಕದ್ದು.

೧೮೯೭ರಲ್ಲಿ ಈ ಕಾರ್ಯಕ್ಕೆ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯ ರೂಪವು ಬಂದಿತು. ಮಂಗಳೂರಿನ ಕೊಡಿಯಾಲಬೈಲಿನ ಕೋರ್ಟುಗುಡ್ಡದ ಮೇಲೆ ಅದು ನೆಲೆಗೊಂಡಿತು. ಅತ್ತಾವರದ ಬಾಬುಗುಡ್ಡೆ, ಬೋಳೂರು, ಮುಲ್ಕಿ, ಉಡುಪಿ ಮುಂತಾದೆಡೆಗಳಲ್ಲಿ ಶಾಲೆಗಳು ತೆರೆದವು. ಅಕ್ಷರದೊಡನೆ ನೇಯ್ಗೆಯನ್ನೂ ಬಡಗಿಯ ಕೆಲಸವನ್ನೂ ಕಲಿಸುವ ಏರ್ಪಾಡಾಯಿತು. ಮಗ್ಗದ ಸಪ್ಪಳದಲ್ಲಿಯೇ ಬೆಳೆದ ಬನಹಟ್ಟಿ ರಬಕವಿಗಳ ಜನರಿಗೆ ಇದರ ಮಹತ್ವವು ಸಹಜವಾಗಿ ತಿಳಿಯುವದು. ಕುಲದಿಂದ ಕುಲಕ್ಕೆ ಬರುವ ಕಸುಬಿನ ಕಟ್ಟು ಇದ್ದ ಕಾಲದಲ್ಲಿ, ಕಸ ಬಳಿಯುವದೇ ವಿಧಿಯೆಂದು ನಂಬಿಸಲ್ಪಟ್ಟವರ ಮಗನು ಲಾಳಿಯನ್ನು ಹಿಡಿದು ಬಟ್ಟೆಯನ್ನು ನೇಯ್ದನೆಂದರೆ, ಆತನಿಗೆ ಅದು ಕೂಲಿಯ ಜತೆಗೆ ಸ್ವಾತಂತ್ರ್ಯವನ್ನೂ ತಂದಿತು. ಇದರೊಡನೆ ವಸತಿಗಾಗಿ ನೆಲವನ್ನು ದೊರಕಿಸಿ ಮನೆಗಳನ್ನು ಕಟ್ಟಿಸುವದು, ಆದಿದ್ರಾವಿಡ ಸಹಕಾರ ಸಂಘವನ್ನು ನಿರ್ಮಿಸುವದು, ಕೊರಗ ಜನರ ಏಳಿಗೆಗಾಗಿ ಯತ್ನಿಸುವದು ಮೊದಲಾದ ಕಾರ್ಯಗಳೂ ಸೇರಿದವು. ಶಾಲೆಯು ಊರಿನ ನಡುವೆ ಒಂದು ದ್ವೀಪವಾಗಿ ಉಳಿಯದೆ, ಓದಿದ ಹುಡುಗನು ಸಂಜೆ ತಿರುಗಿ ಹೋಗುವ ಮನೆಯನ್ನೂ ಎತ್ತಬೇಕೆಂಬುದು ಈ ಸಂಪ್ರದಾಯದ ಜೀವಾಳವಾಗಿತ್ತು.

ರಂಗರಾಯರು ಪರೋಪದೇಶಕ್ಕೆ ನಿಂತವರಲ್ಲ. ಬಾಲ್ಯದಲ್ಲಿ ವಿಧವೆಯಾದ ತಮ್ಮ ಮಗಳು ರಾಧಾಬಾಯಿಯವರನ್ನು ಓದಿಸಿ, ತಮಿಳುನಾಡಿನ ಡಾ. ಪಿ. ಸುಬ್ಬರಾಯನ್ನರೊಡನೆ ಅಂತರ್ಜಾತೀಯವಾಗಿ ವಿವಾಹ ಮಾಡಿದರು. ಆ ರಾಧಾಬಾಯಿಯವರು ಮುಂದೆ ದೇಶದ ಶಾಸನಸಭೆಯಲ್ಲಿ ಸ್ಥಾನ ಪಡೆದರು. ಕೊನೆಗಾಲದಲ್ಲಿ ರಂಗರಾಯರು ಸಂಸ್ಥೆಯ ಭಾರವನ್ನು ಭಾರತ ಸೇವಕ ಸಮಾಜದವರಿಗೆ ಒಪ್ಪಿಸಿ, ಸಂನ್ಯಾಸವನ್ನು ಸ್ವೀಕರಿಸಿ, ೧೯೨೮ನೆಯ ಜನವರಿ ೩೦ರಂದು ತೀರಿಕೊಂಡರು. ತಮ್ಮ ದೇಹವನ್ನು ಸಮಾಜವು ಅತಿ ಕೀಳೆಂದೆಣಿಸಿದ ಜನರೇ ಹೊತ್ತು ಸಂಸ್ಕಾರ ಮಾಡಬೇಕೆಂದು ಅವರು ಬಯಸಿದ್ದರು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಅಧಿಕಾರಕ್ಕೇರಿ ಊರಿನ ಬೀದಿಯಲ್ಲಿ ಮೋಟಾರಿನಲ್ಲಿ ಹೋಗಬೇಕು, ಅದು ಎಬ್ಬಿಸಿದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು, ಆಗ ತಮ್ಮ ಜನ್ಮವು ಸಾರ್ಥಕವೆಂಬ ಅವರ ಹಾರೈಕೆಯನ್ನು ಮಂಗಳೂರಿನ ನಂದಿಗುಡ್ಡೆಯಲ್ಲಿ ಅವರ ಸಮಾಧಿಯ ಮೇಲೆ ಕೆತ್ತಿದ್ದಾರೆ. ೧೯೩೪ರ ಫೆಬ್ರವರಿಯಲ್ಲಿ ಮಹಾತ್ಮಾ ಗಾಂಧಿಯವರು ಮಂಗಳೂರಿಗೆ ಬಂದಾಗ ಈ ಸಂಸ್ಥೆಯನ್ನು ಕಂಡರು. ಗುರುವಿನ ಪಾದಧೂಳಿಯನ್ನು ಶಿಷ್ಯನು ತಲೆಯಲ್ಲಿ ಧರಿಸುವದು ಪದ್ಧತಿ. ಶಿಷ್ಯನ ರಥದ ಧೂಳಿಯನ್ನು ತಾನು ಧರಿಸಬಯಸಿದ ಗುರುವು ಅಪರೂಪ.

ಮಂಗಳೂರಿನಲ್ಲಿ ಹಚ್ಚಿದ ಈ ದೀಪಕ್ಕೆ ಸಮಾನವಾದ ಮತ್ತೊಂದನ್ನು ಹಚ್ಚಿದವರು ಬನಹಟ್ಟಿಗೆ ಸಮೀಪದ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು. ಫುಲೆಯವರ ‘ಗುಲಾಮಗಿರಿ’ಯು ಪ್ರಕಟವಾದ ೧೮೭೩ನೆಯ ಇಸವಿಯಲ್ಲಿಯೇ, ಏಪ್ರಿಲ್ ೨೩ರಂದು, ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಅವರ ಜನನವಾಯಿತು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ. ತಂದೆ ರಾಮಜಿಯವರು ವಾರಕರಿ ಪಂಥದ ಭಕ್ತರು. ಪಂಢರಪುರದ ಹಾದಿಯಲ್ಲಿ ಅಭಂಗಗಳನ್ನು ಹಾಡುವವರ ನಡುವೆ ಜಾತಿಯ ಬಿಗುವು ಸಡಿಲುವದನ್ನು ಹುಡುಗನು ಕಂಡು ಬೆಳೆದನು. ಜಮಖಂಡಿಯಲ್ಲಿ ಓದಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿ ಪಡೆದು, ಪ್ರಾರ್ಥನಾ ಸಮಾಜವನ್ನು ಸೇರಿ, ೧೯೦೧ರಲ್ಲಿ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿಗೆ ಧರ್ಮಗಳ ತುಲನಾತ್ಮಕ ಅಧ್ಯಯನಕ್ಕಾಗಿ ಹೋದರು. ಬಡೋದೆಯ ಸಯಾಜಿರಾವ ಮಹಾರಾಜರು ಇದಕ್ಕೆ ನೆರವಾದರು. ೧೯೦೩ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಶಿಂದೆಯವರು ಊರೂರು ತಿರುಗಿ ಅಸ್ಪೃಶ್ಯರೆನಿಸಿಕೊಂಡವರ ಕೇರಿಗಳನ್ನು ಕಣ್ಣಾರೆ ಕಂಡರು.

೧೯೦೬ನೆಯ ಅಕ್ಟೋಬರ್ ೧೮ರಂದು ಮುಂಬಯಿಯ ಪರಳದಲ್ಲಿ ಅವರ ಮೊದಲ ಶಾಲೆಯೂ ಅದನ್ನು ನಡೆಸುವ ಮಂಡಳಿಯೂ ಸ್ಥಾಪಿತವಾದವು. ಹೊನ್ನಾವರದಲ್ಲಿ ಹುಟ್ಟಿ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ನಾರಾಯಣ ಗಣೇಶ ಚಂದಾವರಕರರು ಅದರ ಅಧ್ಯಕ್ಷರು. ಹೀಗೆ ಮುಂಬಯಿಯ ಗಿರಣಿಗಳ ನೆರಳಿನಲ್ಲಿ ಎದ್ದ ಈ ಶಾಲೆಯ ಹಿಂದೆ ಜಮಖಂಡಿಯವರೊಬ್ಬರ ದುಡಿಮೆಯೂ ಹೊನ್ನಾವರದವರೊಬ್ಬರ ಬೆಂಬಲವೂ ಕೂಡಿದ್ದವು. ಇಂಗ್ಲಿಷಿನಲ್ಲಿ ಸಂಸ್ಥೆಯ ಹೆಸರು ಮಂಗಳೂರಿನದರಂತೆಯೇ ಡಿಪ್ರೆಸ್ಡ್ ಕ್ಲಾಸಸ್ ಮಿಶನ್. ಆದರೆ ಮರಾಠಿಯಲ್ಲಿ ಅದನ್ನು ನಿರಾಶ್ರಿತ ಸಾಹಾಯ್ಯಕಾರಿ ಮಂಡಳಿ ಎಂದರು. ‘ಅಸ್ಪೃಶ್ಯ’ ಎಂಬ ಮಾತನ್ನು ಶಾಲೆಯ ಹಲಗೆಯ ಮೇಲೆ ಬರೆದರೆ ಮಗುವು ದಿನವೂ ಅದನ್ನು ಓದಿ ಒಳಗೆ ಬರಬೇಕಾಗುವದು. ಆ ಶಬ್ದವು ಇಲ್ಲಿ ಇರಲಿಲ್ಲ. ಶಿಂದೆಯವರ ಸೋದರಿ ಜನಾಬಾಯಿಯವರು ಈ ಶಾಲೆಗಾಗಿ ದುಡಿದರು, ಮನೆಯವರೆಲ್ಲರೂ ಕೈಗೂಡಿಸಿದರು. ವಿದ್ಯಾರ್ಥಿನಿಲಯ, ಪುಸ್ತಕ ಕಟ್ಟುವ ಕೆಲಸ, ಹೊಲಿಗೆ, ಭಜನೆ ಇವುಗಳಿಂದ ಶಾಲೆಯ ದಿನಚರಿಯು ತುಂಬಿತು. ಪುಣೆಯಲ್ಲಿ ಇಂದೋರದ ಹೋಳಕರರ ಉದಾರ ದಾನದಿಂದ ಅಹಲ್ಯಾಶ್ರಮವು ಎದ್ದಿತು. ಕನ್ನಡನಾಡಿನಲ್ಲಿ ಹುಬ್ಬಳ್ಳಿಯು ಮಂಡಳಿಯ ಶಾಖೆಯನ್ನು ಕಂಡಿತು. ೧೯೨೩ರಲ್ಲಿ ಶಿಂದೆಯವರು ಮಂಡಳಿಯ ಹೊಣೆಯಿಂದ ಬಿಡುಗಡೆ ಹೊಂದಿದರು. ೧೯೩೩ರಲ್ಲಿ ಅಸ್ಪೃಶ್ಯತೆಯ ಪ್ರಶ್ನೆಯನ್ನು ಕುರಿತ ಅವರ ಮರಾಠಿ ಗ್ರಂಥವು ಹೊರಬಿದ್ದಿತು. ೧೯೪೪ನೆಯ ಜನವರಿ ೨ರಂದು ಅವರು ಕಾಲವಾದರು.

ಈ ಮಹನೀಯರ ಕಾರ್ಯವನ್ನು ಎಷ್ಟು ಕೊಂಡಾಡಿದರೂ ಒಂದು ಪ್ರಶ್ನೆಯು ಉಳಿಯುವದು. ಶಾಲೆಯು ಯಾರಿಗಾಗಿ ಹುಟ್ಟಿತೋ ಅವರ ಕೈಯಲ್ಲಿ ಅದರ ಸೂತ್ರವಿತ್ತೆ? ಬಹುಮಟ್ಟಿಗೆ ಇರಲಿಲ್ಲ. ಕರುಣೆಯುಳ್ಳ ಮೇಲಿನವನು ಕೆಳಗಿನವನ ಕೈಹಿಡಿದು ಎತ್ತುವದು ಒಂದು. ಕೆಳಗಿದ್ದವನು ತನ್ನ ಕಾಲ ಮೇಲೆ ತಾನು ನಿಲ್ಲುವದು ಇನ್ನೊಂದು. ಡಾ. ಅಂಬೇಡಕರರು ಎರಡನೆಯದನ್ನು ಹಿಡಿದರು. ೧೯೨೪ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿ, ಮರುವರ್ಷ ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯವನ್ನು ತೆರೆದರು. ಅನಂತರ ೧೯೨೯ರಲ್ಲಿ ಧಾರವಾಡದಲ್ಲಿಯೂ ಅವರ ಪ್ರಯತ್ನದಿಂದ ಇಂಥ ಮಕ್ಕಳಿಗಾಗಿ ವಿದ್ಯಾರ್ಥಿನಿಲಯವು ಪ್ರಾರಂಭವಾಯಿತು. ೧೮೫೬ರಲ್ಲಿ ಒಬ್ಬ ಮಹಾರ ಹುಡುಗನನ್ನು ಶಾಲೆಯ ಬಾಗಿಲಿನಿಂದ ಹಿಂದಿರುಗಿಸಿದ ಊರಿನಲ್ಲಿಯೇ, ಎಪ್ಪತ್ಮೂರು ವರ್ಷಗಳ ಮೇಲೆ, ಮಹಾರರಲ್ಲಿ ಹುಟ್ಟಿ ಎರಡು ಖಂಡಗಳ ವಿಶ್ವವಿದ್ಯಾಲಯಗಳಲ್ಲಿ ಪಾಂಡಿತ್ಯ ಪಡೆದವರೊಬ್ಬರು ಆ ಹುಡುಗನಂಥವರಿಗೆ ಮನೆ ಮಾಡಿಕೊಟ್ಟರು. ಹಳ್ಳಿಯಿಂದ ಬಂದ ಬಡ ಹುಡುಗನಿಗೆ ಶಾಲೆಯ ಬಾಗಿಲು ತೆರೆದರೆ ಸಾಲದು, ರಾತ್ರಿ ಮಲಗುವ ಜಾಗವೂ ಬೇಕು. ಊರಿನಲ್ಲಿ ಬಾಡಿಗೆಗೆ ಕೋಣೆ ದೊರೆಯದ ಜಾತಿಯವನಿಗೆ ವಿದ್ಯಾರ್ಥಿನಿಲಯವೇ ನಿಜವಾದ ಹೈಸ್ಕೂಲಿನ ಮೊದಲ ಮೆಟ್ಟಿಲು.

ಸೂತ್ರವು ಸ್ವಂತ ಜನರ ಕೈಯಲ್ಲಿದ್ದರೆ ಬೇರೆ ಶಾಲೆಯು ಏನಾಗಬಲ್ಲುದೆಂಬುದಕ್ಕೆ ಅಮೇರಿಕೆಯ ಕಪ್ಪು ಜನರ ಹೈಸ್ಕೂಲುಗಳು ನಿದರ್ಶನವಾಗಿವೆ. ಫುಲೆಯವರು ಕೊಂಡಾಡಿದ ಆ ವಿಮೋಚನೆಯು ೧೮೬೫ರಲ್ಲಿ ಪೂರ್ಣವಾಯಿತಾದರೂ ದಾಸ್ಯವು ಹೋದ ಮೇಲೆ ಅಲ್ಲಿಯೂ ಬೇರ್ಪಡಿಸುವ ಪದ್ಧತಿಯು ಬಂದಿತು. ಆ ದೇಶದ ರಾಜಧಾನಿಯಾದ ವಾಶಿಂಗ್ಟನ್ನಿನಲ್ಲಿ ೧೮೭೦ರಲ್ಲಿ ಇಗರ್ಜಿಯೊಂದರ ನೆಲಮಾಳಿಗೆಯಲ್ಲಿ ಕಪ್ಪು ಮಕ್ಕಳಿಗಾಗಿ ಹೈಸ್ಕೂಲೊಂದು ಪ್ರಾರಂಭವಾಯಿತು. ಅದು ಮುಂದೆ ಎಮ್ ಸ್ಟ್ರೀಟ್ ಹೈಸ್ಕೂಲೆಂದೂ, ೧೯೧೬ರಿಂದ ಕವಿ ಪಾಲ್ ಲಾರೆನ್ಸ್ ಡನ್‌ಬಾರನ ಹೆಸರಿನಿಂದಲೂ ಪ್ರಸಿದ್ಧವಾಯಿತು. ಅಲ್ಲಿ ಕಲಿಸಿದವರು ಕಪ್ಪು ಜನರೇ, ಮತ್ತು ಮಹಾವಿದ್ವಾಂಸರು. ದಾಸಿಯ ಮಗಳಾಗಿ ಹುಟ್ಟಿದ ಆನಾ ಜೂಲಿಯಾ ಕೂಪರರು ಅದರ ಮುಖ್ಯಾಧ್ಯಾಪಕಿಯಾಗಿದ್ದರು. ಅರುವತ್ತು ವರ್ಷ ದಾಟಿದ ಮೇಲೆ ಪ್ಯಾರಿಸ್ಸಿನ ಸೋರ್ಬಾನಿನಿಂದ ಡಾಕ್ಟರೇಟ್ ಪಡೆದರು. ಹಾರ್ವರ್ಡಿನ ಡಾಕ್ಟರೇಟ್ ಪಡೆದ ಇತಿಹಾಸಕಾರ ಕಾರ್ಟರ್ ವುಡ್ಸನ್ನರು ಅಲ್ಲಿ ಪಾಠ ಹೇಳಿದರು. ಇಂಥವರಿಗೆ ಬಿಳಿಯರ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರ ಹುದ್ದೆಯು ದೊರೆಯುತ್ತಿರಲಿಲ್ಲವಾದುದರಿಂದ ಅವರ 지식ವೆಲ್ಲ ಹೈಸ್ಕೂಲಿನ ಮಕ್ಕಳಿಗೆ ದಕ್ಕಿತು.

ಆ ಶಾಲೆಯ ಸಂಪ್ರದಾಯವೆಂದರೆ ಲ್ಯಾಟಿನ್ನಿನಂಥ ಕಠಿನ ವಿಷಯಗಳನ್ನು ಬಿಡದೆ ಕಲಿಸುವದು. ಕಪ್ಪು ಮಕ್ಕಳಿಗೆ ಕೈಕಸುಬು ಸಾಕು, ಶಾಸ್ತ್ರವೇತಕ್ಕೆ ಎಂಬ ವಾದಕ್ಕೆ ಕೂಪರರು ಮಣಿಯಲಿಲ್ಲ. ಸಂಸ್ಕೃತವು ಯಾರಿಗೆ ಸಲ್ಲುವದು, ಯಾರಿಗೆ ಸಲ್ಲದು ಎಂಬ ವಾದವನ್ನು ಕೇಳಿ ಬಲ್ಲ ಈ ದೇಶದವರಿಗೆ ಆ ಹಟದ ಅರ್ಥವು ಬೇಗನೆ ಹೊಳೆಯುವದು. ರಕ್ತಸಂಗ್ರಹದ ಶಾಸ್ತ್ರವನ್ನು ಬೆಳೆಸಿದ ಡಾಕ್ಟರ್ ಚಾರ್ಲ್ಸ್ ಡ್ರ್ಯೂ ಅಲ್ಲಿಯ ವಿದ್ಯಾರ್ಥಿ. ಬೇರ್ಪಡಿಸಿದ ಶಾಲೆಗಳ ಪದ್ಧತಿಯನ್ನೇ ನ್ಯಾಯಾಲಯದಲ್ಲಿ ಬುಡಮೇಲು ಮಾಡುವ ಹೋರಾಟವನ್ನು ರೂಪಿಸಿದ ವಕೀಲ ಚಾರ್ಲ್ಸ್ ಹ್ಯೂಸ್ಟನ್ ಸಹ ಅಲ್ಲಿಯೇ ಓದಿದವನು. ಬೇರೆ ಶಾಲೆಯು ತನ್ನನ್ನು ಬೇರೆಯಾಗಿಟ್ಟ ಗೋಡೆಯನ್ನು ಕೆಡಹುವವನನ್ನು ತಾನೇ ಬೆಳೆಸಿತು. ೧೯೩೫ರಲ್ಲಿ ಕಪ್ಪು ಜನರ ಮಹಾಪಂಡಿತ ಡು ಬಾಯ್ಸರು ಪ್ರತ್ಯೇಕ ಶಾಲೆಗಳು ಬೇಕೇ ಎಂಬ ಪ್ರಶ್ನೆಯನ್ನೆತ್ತಿ, ಬೇಕಾದುದು ಬೇರೆ ಶಾಲೆಯೂ ಅಲ್ಲ, ಕೂಡಿದ ಶಾಲೆಯೂ ಅಲ್ಲ, ನಿಜವಾದ ವಿದ್ಯೆ ಎಂಬ ಆಶಯವನ್ನು ಪ್ರತಿಪಾದಿಸಿದರು. ಕೂಡಿದ ಶಾಲೆಯಲ್ಲಿ ಮಗುವನ್ನು ಹೀನವಾಗಿ ಕಾಣುವ ಶಿಕ್ಷಕನಿದ್ದರೆ ಅದಕ್ಕಿಂತ ಅಕ್ಕರೆಯುಳ್ಳ ಬೇರೆ ಶಾಲೆಯೇ ಮೇಲೆಂಬುದು ಅವರ ವಿವೇಚನೆ. ೧೯೪೬ರಲ್ಲಿ ಅಂಬೇಡಕರರು ಅದೇ ಡು ಬಾಯ್ಸರಿಗೆ ಪತ್ರ ಬರೆದು, ಎರಡೂ ಜನರ ಸ್ಥಿತಿಗಳ ಸಾಮ್ಯವನ್ನು ಎತ್ತಿ ತೋರಿಸಿದರು.

ಎರಡು ದೇಶಗಳಲ್ಲಿಯೂ ಕಾಯಿದೆಯು ಮೆಲ್ಲಮೆಲ್ಲನೆ ಮುಂದುವರಿಯಿತು. ಅಸ್ಪೃಶ್ಯರೆನಿಸಿದವರ ಮಕ್ಕಳನ್ನು ಸೇರಿಸಿಕೊಳ್ಳದ ಖಾಸಗಿ ಶಾಲೆಗಳಿಗೆ ಸರ್ಕಾರದ ಸಹಾಯಧನವು ದೊರೆಯದೆಂದು ಮುಂಬಯಿ ಸರ್ಕಾರವು ೧೯೨೩ರಲ್ಲಿ ಠರಾಯಿಸಿತು. ೧೯೫೦ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ತನ್ನ ೧೭ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಜಾತಿಯ ಕಾರಣದಿಂದ ಪ್ರವೇಶವನ್ನು ನಿರಾಕರಿಸಲಾಗದೆಂದು ೨೯ನೆಯ ವಿಧಿಯಲ್ಲಿ ಹೇಳಿತು. ಅಮೇರಿಕೆಯಲ್ಲಿ ೧೯೫೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೇರ್ಪಡಿಸಿದ ಶಾಲೆಗಳು ನ್ಯಾಯವಿರುದ್ಧವೆಂದು ತೀರ್ಪಿತ್ತಿತು. ಧಾರವಾಡದ ಹುಡುಗನು ಬೇಡಿದುದು ತೊಂಬತ್ತು ನಾಲ್ಕು ವರ್ಷಗಳ ಮೇಲೆ ದೇಶದ ಮೂಲಶಾಸನದಲ್ಲಿ ಸೇರಿತು.

ಆದರೆ ಬೇರೆ ಶಾಲೆಗಳು ಮುಚ್ಚುವಾಗ ಒಂದು ನಷ್ಟವೂ ಆಯಿತೆಂಬುದನ್ನು ಮರೆಯಲಾಗದು. ಅಮೇರಿಕೆಯಲ್ಲಿ ಕೂಡಿದ ಶಾಲೆಗಳು ಬಂದಾಗ ಕಪ್ಪು ಜನರ ಎಷ್ಟೋ ಹೈಸ್ಕೂಲುಗಳು ಮುಚ್ಚಿದವು; ಸಾವಿರಾರು ಕಪ್ಪು ಶಿಕ್ಷಕರು ಕೆಲಸವನ್ನು ಕಳೆದುಕೊಂಡರು. ಮಗುವು ಒಳಗೆ ಬಂದಿತು, ಅದನ್ನು ತನ್ನದೆಂದು ಬಗೆದ ಗುರುವು ಹೊರಗುಳಿದನು. ಆದುದರಿಂದ ಆ ಜನರು ತಮ್ಮ ಹಳೆಯ ಶಾಲೆಗಳ ನೆನಪನ್ನು ಬಹು ಜತನದಿಂದ ಕಾಪಾಡಿಕೊಂಡು ಬಂದಿದ್ದಾರೆ. ಹಳೆಯ ವಿದ್ಯಾರ್ಥಿಗಳು ಕೂಡುತ್ತಾರೆ, ಗುರುಗಳ ಹೆಸರನ್ನು ಹೇಳುತ್ತಾರೆ. ಅಪಮಾನದ ದಿನಗಳನ್ನು ಪುನಃ ಬಯಸಿ ಅವರು ಹೀಗೆ ಮಾಡುವದಿಲ್ಲ. ಆ ದಿನಗಳಲ್ಲಿಯೂ ತಮ್ಮನ್ನು ಮನುಷ್ಯರೆಂದು ಎಣಿಸಿದ ಒಂದು ಕೋಣೆಯಿತ್ತೆಂಬ ಕೃತಜ್ಞತೆಯಿಂದ ಮಾಡುತ್ತಾರೆ.

ಕನ್ನಡನಾಡಿನಲ್ಲಿ ಈ ನೆನಪಿನ ಕಾರ್ಯವು ಇನ್ನೂ ಸಾಕಷ್ಟು ನಡೆದಿಲ್ಲ. ಊರೂರಿನ ಹಳೆಯ ಹಾಜರಿಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಕಾಪಾಡುವದು, ಇಂಥ ಶಾಲೆ ವಸತಿಗೃಹಗಳಲ್ಲಿ ಓದಿದ ಹಿರಿಯರ ಮಾತುಗಳನ್ನು ಅವರು ಇರುವಾಗಲೇ ಬರೆದಿಡುವದು, ಕೇರಿಯ ಮೊದಲ ಮಾಸ್ತರರ ಹೆಸರನ್ನು ಕೇಳಿ ತಿಳಿಯುವದು ಜಿಲ್ಲೆಯ ವಿದ್ಯಾವಂತ ಮನೆತನಗಳಿಗೆ ಒಪ್ಪುವ ಕೆಲಸ. ಜಮಖಂಡಿಯಲ್ಲಿ ಹುಟ್ಟಿದ ಶಿಂದೆಯವರ ಹೆಸರು ಪುಣೆ ಮುಂಬಯಿಗಳಲ್ಲಿ ಕೇಳಿಬರುವಷ್ಟು ಅವರ ಹುಟ್ಟೂರಿನ ಸುತ್ತಣ ಮನೆಗಳಲ್ಲಿ ಕೇಳಿಬಂದರೆ ಅದು ಉಚಿತವೇ ಸರಿ. ಯಾವ ಶಾಲೆಯು ತನ್ನ ಅಗತ್ಯವೇ ಇಲ್ಲದ ದಿನವು ಬರಲೆಂದು ದುಡಿಯಿತೋ, ಅದಕ್ಕೆ ಸಲ್ಲಿಸುವ ಗುರುದಕ್ಷಿಣೆಯು ಎರಡು ಬಗೆಯದು. ಅದನ್ನು ಮರೆಯದಿರುವದು ಒಂದು. ಇಂದಿನ ಯಾವ ಶಾಲೆಯ ಮೂಲೆಯಲ್ಲಿಯೂ ಆ ಗೋಣಿತಟ್ಟು ಪುನಃ ಹಾಸದಂತೆ ನೋಡಿಕೊಳ್ಳುವದು ಮತ್ತೊಂದು. ಧಾರವಾಡದ ಆ ಹುಡುಗನ ಅರ್ಜಿಗೆ ಪೂರ್ಣವಾದ ಉತ್ತರವು ಸರ್ಕಾರದ ಕಾಗದದಿಂದ ಬರತಕ್ಕದ್ದಲ್ಲ. ಪ್ರತಿಯೊಂದು ಶಾಲೆಯ ಪ್ರತಿಯೊಂದು ಪಂಕ್ತಿಯಲ್ಲಿ ದಿನದಿನವೂ ಕೊಡತಕ್ಕದ್ದು.